ಮಲಗಿದ ಫೋನು ನಮ್ಮನ್ನು ಎಬ್ಬಿಸೀತೇ?

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ರಾತ್ರಿ. ನಮ್ಮ ಗೋಕುಲಂನಲ್ಲಿ ಜೋರು ಗಾಳಿ, ಮಳೆ. ಎಲ್ಲೋ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದಿರಬೇಕು, ಒಂಬತ್ತು ಗಂಟೆಗೆ ಹೋದ ಕರೆಂಟು ಬರಲೇ ಇಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಮೊಮ್ಮಗಳು ಚೀಲ ಜೋಡಿಸಿಕೊಳ್ಳುತ್ತಿದ್ದಳು. ಎಂಟನೇ ತರಗತಿ ಹುಡುಗಿ. ಮರುದಿನ ಬೆಂಗಳೂರಿನಲ್ಲಿ ಅಂತರಶಾಲಾ ರಸಪ್ರಶ್ನೆ ಸ್ಪರ್ಧೆ. ಶಾಲೆಯ ತಂಡದ ನಾಲ್ವರಲ್ಲಿ ಇವಳೂ ಒಬ್ಬಳು. ಬೆಳಗಿನ ಜಾವ ಐದು ಗಂಟೆಗೆ ಮೈಸೂರು ರೈಲು ನಿಲ್ದಾಣದಲ್ಲಿರಬೇಕೆಂದು ಮೇಡಂ ಹೇಳಿದ್ದರು. ಮಗ, ಸೊಸೆ ಇಬ್ಬರೂ ಅಂದು ಊರಲ್ಲಿರಲಿಲ್ಲ. ಅವಳನ್ನು ಎಬ್ಬಿಸಿ, ಆಟೋ ಹತ್ತಿಸಿ ಕರೆದೊಯ್ಯುವ ಜವಾಬ್ದಾರಿ ನನ್ನದು.

ನನ್ನ ಫೋನಿನಲ್ಲಿ ನಾಲ್ಕು ಗಂಟೆಗೆ ಅಲಾರಂ ಇಟ್ಟಳು. ಇಟ್ಟವಳು ಮೂಲೆಯ ಅಂಕಿ ನೋಡಿ ಕೇಳಿದಳು:

"ತಾತ, ಚಾರ್ಜ್ ಹನ್ನೆರಡೇ ಪರ್ಸೆಂಟ್ ಇದೆ. ಬೆಳಿಗ್ಗೆವರೆಗೂ ಬರುತ್ತಾ?"

"ಆಫ್ ಮಾಡಿ ಇಟ್ಟುಬಿಡು ಪುಟ್ಟಿ. ಚಾರ್ಜ್ ಉಳಿಯುತ್ತೆ. ಟೈಮಿಗೆ ಸರಿಯಾಗಿ ಅದೇ ಆನ್ ಆಗಿ ಹೊಡೆಯುತ್ತೆ."

"ಆಫ್ ಆಗಿದ್ರೂನಾ?"

"ವರ್ಷಗಟ್ಟಲೆ ನೋಡಿದ್ದೀನಿ ಕಣೆ. ಆಫ್ ಆಗಿದ್ರೂ ಹೊಡೆಯುತ್ತೆ."

ಅಡುಗೆಮನೆಯಿಂದ ನನ್ನಾಕೆ ಕೂಗಿ ಹೇಳಿದಳು, "ರೀ, ಯಾವುದಕ್ಕೂ ಆ ಹಳೇ ಟೈಂಪೀಸಿಗೂ ಒಂದು ಕೀ ಕೊಟ್ಟಿಡಿ." ಒಂದು ಕೆಲಸಕ್ಕೆ ಎರಡೆರಡು ಗಡಿಯಾರ ಯಾಕೆ ಎಂದು ನಾನು ನಕ್ಕೆ.

ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು. ಗೇಟಿನ ಹತ್ತಿರ ಹಾಲಿನ ಹುಡುಗ ಪ್ಯಾಕೆಟ್ ಇಡುತ್ತಿದ್ದ ಸದ್ದು. ಗೋಡೆ ಗಡಿಯಾರ 5 ಗಂಟೆ 40 ನಿಮಿಷ ತೋರಿಸುತ್ತಿತ್ತು. ಫೋನು ದಿಂಬಿನ ಪಕ್ಕದಲ್ಲಿ ಕಪ್ಪು ಹಲಗೆಯಂತೆ ಮಲಗಿತ್ತು. ಆನ್ ಮಾಡಿದೆ. ಮೇಡಂ ಕರೆ ಮಾಡಿದ್ದರು ಎಂಬ ಸಂದೇಶಗಳು ಒಂದರ ಹಿಂದೊಂದು ಬಂದವು. ಫೋನು ಆಫ್ ಆಗಿದ್ದುದರಿಂದ ಅವರ ಕರೆಯೂ ನಮ್ಮನ್ನು ಎಬ್ಬಿಸಲಿಲ್ಲ. ರೈಲು ಹೊರಟಾಗಿತ್ತು. ಪುಟ್ಟಿಯ ಜಾಗಕ್ಕೆ ಕಾಯ್ದಿರಿಸಿದ್ದ ಇನ್ನೊಬ್ಬ ಹುಡುಗ ಹೋಗಿದ್ದ.

ಅವಳು ಅಳಲಿಲ್ಲ, ನನ್ನನ್ನು ದೂರಲೂ ಇಲ್ಲ. ಯೂನಿಫಾರಂ ಹಾಕಿಕೊಂಡು ಮಂಚದ ಮೇಲೆ ಕೂತು, ನಿಜವಾಗಿಯೂ ಅರ್ಥವಾಗದವಳಂತೆ, "ನೀವು ಹೊಡೆಯುತ್ತೆ ಅಂದ್ರಲ್ಲ ತಾತ" ಎಂದಳು. ಅಷ್ಟೇ.

ನಾನು ಹೇಳಿದ್ದು ಸುಳ್ಳಾಗಿತ್ತೇ?

ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿದ್ದವನು ನಾನು. ದಿನದ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಕೂತು ಹುಡುಕಿದವನು. ಚೀಟಿ ನೋಡದೆ ಸಹಿ ಮಾಡಬಾರದೆಂದು ಹೊಸ ಹುಡುಗರಿಗೆ ಪಾಠ ಹೇಳಿದವನು. ಅಂಥ ನಾನು ನೋಡದೆಯೇ ಸಹಿ ಹಾಕಿಬಿಟ್ಟಿದ್ದೆ. ಎಲ್ಲಿ ತಪ್ಪಿತೆಂದು ಹುಡುಕದೆ ಬಿಡುವಂತಿರಲಿಲ್ಲ.

ನಾನು ಪುಟ್ಟಿಗೆ ಹೇಳಿದ್ದು ಒಂದು ಕಾಲಕ್ಕೆ ಪೂರ್ತಿ ನಿಜ. 2003ರಲ್ಲಿ ನೋಕಿಯಾ ಕಂಪನಿಯ 1100 ಎಂಬ ಫೋನು ಬಂತು. ತಲೆಯ ಮೇಲೆ ಪುಟ್ಟ ಟಾರ್ಚು, ದೂಳು ಒಳಗೆ ಹೋಗದ ಹಾಗೆ ರಬ್ಬರಿನ ಗುಂಡಿಗಳು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನದು. ನನ್ನ ಮೊದಲ ಫೋನೂ ಅದೇ. ರಾತ್ರಿ ಆಫ್ ಮಾಡಿ ಮಲಗುತ್ತಿದ್ದೆ. ಅಲಾರಂ ಹೊತ್ತಿಗೆ ತಾನೇ ಬೆಳಕು ಹೊತ್ತಿಸಿಕೊಂಡು ಕೂಗುತ್ತಿತ್ತು. ನಿಲ್ಲಿಸಿದ ಮೇಲೆ, ಈಗ ಫೋನನ್ನು ಪೂರ್ತಿ ಆನ್ ಮಾಡಲೇ ಎಂದು ಕೇಳುತ್ತಿತ್ತು. ಎಷ್ಟು ಮರ್ಯಾದೆ ನೋಡಿ!

ಆಮೇಲೆ ಮಗ ತನ್ನ ಹಳೆಯ ಸ್ಮಾರ್ಟ್ ಫೋನನ್ನು ನನಗೆ ಕೊಟ್ಟ. ಫೋನು ಬದಲಾಯಿತು, ನನ್ನ ನಂಬಿಕೆ ಬದಲಾಗಲಿಲ್ಲ.

ಕೀ ಕೊಡುವ ಕಾಲ

ಇಂದಿನ ಮಕ್ಕಳಿಗೆ ಟೈಂಪೀಸ್ ಎಂದರೆ ತಿಳಿಯಲಿಕ್ಕಿಲ್ಲ. ನಮ್ಮ ಕಾಲದಲ್ಲಿ ಊರಿಗೆಲ್ಲ ಸಮಯ ಹೇಳಲು ದೊಡ್ಡ ಗಡಿಯಾರವಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ 75 ಅಡಿಯ ಗೋಪುರ. ಅದರ ಮುಖದ ಮೇಲೆ ಇಂದಿಗೂ ಕನ್ನಡ ಅಂಕಿಗಳಿವೆ, ಮೈಸೂರಿಗೆ ಬಂದಾಗ ತಲೆಯೆತ್ತಿ ನೋಡಿ. ಕೈಗೆ ಕಟ್ಟಲು ಎಚ್‌ಎಂಟಿ ವಾಚು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಅದರ ತಯಾರಿಕೆ ಆರಂಭವಾಗಿತ್ತು. ಮನೆಯಲ್ಲಿ ಎಬ್ಬಿಸಲು ಮಾತ್ರ ಟೈಂಪೀಸೇ ಬೇಕು.

ಅದರ ಬೆನ್ನಿನಲ್ಲಿ ಎರಡು ಕೀ. ಒಂದು ಮುಳ್ಳುಗಳನ್ನು ನಡೆಸುವ ಸ್ಪ್ರಿಂಗಿಗೆ, ಇನ್ನೊಂದು ಗಂಟೆ ಬಡಿಯುವ ಸ್ಪ್ರಿಂಗಿಗೆ. ಎರಡಕ್ಕೂ ಬೇರೆ ಬೇರೆಯಾಗಿ ತಿರುಗಿಸಬೇಕು. ಸಮಯದ ಕೀ ಕೊಟ್ಟು ಅಲಾರಂ ಕೀ ಮರೆತರೆ, ಗಡಿಯಾರ ನಾಲ್ಕು ಗಂಟೆಯನ್ನು ಸರಿಯಾಗಿ ತೋರಿಸುತ್ತದೆ, ಆದರೆ ಬಡಿಯುವುದಿಲ್ಲ. ನನ್ನ ಮೊದಲ ಶಾಖೆ ಎಚ್.ಡಿ. ಕೋಟೆ ಕಡೆ ಇತ್ತು. ಬೆಳಗಿನ ಬಸ್ಸು ತಪ್ಪಿದರೆ ಅಂದಿನ ಹಾಜರಿ ತಪ್ಪಿದಂತೆ. ಊಟವಾದ ಮೇಲೆ ಎರಡೂ ಕೀ ಕೊಟ್ಟು, ಕಿವಿಗಿಟ್ಟು ಟಿಕ್ ಟಿಕ್ ಕೇಳಿಯೇ ಮಲಗುತ್ತಿದ್ದೆ. ಸಮಯ ತಿಳಿದಿರುವುದು ಬೇರೆ, ಸಮಯಕ್ಕೆ ಕೂಗುವುದು ಬೇರೆ. ಈ ಮಾತನ್ನು ನೆನಪಿಡಿ, ಫೋನಿನ ಗುಟ್ಟೂ ಇದರಲ್ಲೇ ಇದೆ.

ಭಾನುವಾರದ ಪರೀಕ್ಷೆ

ಮುಂದಿನ ಭಾನುವಾರ ಸಂಜೆ ಊಟದ ಮೇಜಿನ ಮೇಲೆ ಐದು ಫೋನುಗಳನ್ನು ಸಾಲಾಗಿ ಇಟ್ಟೆವು. ಬೀರುವಿನಲ್ಲಿದ್ದ ನನ್ನ ಹಳೇ ನೋಕಿಯಾ, ನನ್ನಾಕೆಯ ಗುಂಡಿ ಫೋನು, ಕೈಕೊಟ್ಟ ನನ್ನ ಆಂಡ್ರಾಯ್ಡ್, ಎದುರುಮನೆ ಇಂಜಿನಿಯರರ ಐಫೋನ್, ಹಾಲಿನ ಹುಡುಗನ ಇನ್ನೊಂದು ಕಂಪನಿಯ ಆಂಡ್ರಾಯ್ಡ್. ಎಲ್ಲವಕ್ಕೂ ಆರು ಗಂಟೆಗೆ ಅಲಾರಂ ಇಟ್ಟು, ಎಲ್ಲವನ್ನೂ ಆಫ್ ಮಾಡಿದೆವು. ಪುಟ್ಟಿ ನೋಟುಪುಸ್ತಕದಲ್ಲಿ ಗೆರೆ ಹಾಕಿ ಖಾನೆ ಮಾಡಿಕೊಂಡಳು. ಎದುರುಮನೆಯ ಐದನೇ ತರಗತಿ ಹುಡುಗ ಸಮಯ ಕೂಗುವ ಕೆಲಸ ವಹಿಸಿಕೊಂಡ.

ಆರು ಗಂಟೆ. ನೋಕಿಯಾ ಕೂಗಿತು. ಅದರ ಬೆನ್ನಿಗೇ ನನ್ನಾಕೆಯ ಗುಂಡಿ ಫೋನು. ಅವಳ ಮುಖದಲ್ಲಿ ಎಂಥ ಹೆಮ್ಮೆ! ನನ್ನ ಆಂಡ್ರಾಯ್ಡ್ ಮೌನ. ಐಫೋನ್ ಮೌನ. ಹಾಲಿನ ಹುಡುಗನ ಫೋನು ಮಾತ್ರ ತಾನೇ ಬೆಳಗಿಕೊಂಡು ಹೊಡೆಯತೊಡಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ತಾತ, ನೋಕಿಯಾದ ಬ್ಯಾಟರಿ ತೆಗೆದುಬಿಟ್ರೆ?" ಎಂದ ಎದುರುಮನೆ ಹುಡುಗ. ಒಳ್ಳೆಯ ಪ್ರಶ್ನೆ. ಬ್ಯಾಟರಿ ತೆಗೆದು ಮತ್ತೆ ಪರೀಕ್ಷಿಸಿದೆವು. ಈಗ ಅದೂ ಮೌನ. ಅಂದರೆ 'ಆಫ್' ಆಗಿದ್ದಾಗಲೂ ಅದು ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪ ಶಕ್ತಿ ಕುಡಿಯುತ್ತಿತ್ತು. ಫೋನು ಪೂರ್ತಿ ನಿದ್ದೆ ಮಾಡಿರಲಿಲ್ಲ. ಒಳಗೆ ಯಾರೋ ಎಚ್ಚರವಾಗಿದ್ದರು. ಯಾರದು?

ರಾತ್ರಿಯ ಕಾವಲುಗಾರ

ನಮ್ಮ ಬ್ಯಾಂಕನ್ನು ನೆನೆಸಿಕೊಳ್ಳಿ. ಸಂಜೆ ಮ್ಯಾನೇಜರು, ಗುಮಾಸ್ತರು ಎಲ್ಲ ಮನೆಗೆ ಹೋಗುತ್ತಾರೆ. ದೀಪ ಆರುತ್ತದೆ, ಬಾಗಿಲಿಗೆ ಬೀಗ. ಬ್ಯಾಂಕು ಮುಚ್ಚಿದೆ ಎನ್ನುತ್ತೇವೆ. ಆದರೂ ಹೊರಗೆ ಸ್ಟೂಲಿನ ಮೇಲೆ ಕಾವಲುಗಾರ ಕೂತಿರುತ್ತಾನೆ. ಅವನ ಕೈಯಲ್ಲಿ ವಾಚಿದೆ. ಎಷ್ಟು ಗಂಟೆಯೆಂದು ಅವನಿಗೆ ಗೊತ್ತು. ಆದರೆ ಒಳಗಿನ ಕಾಗದಪತ್ರ ಅವನಿಗೆ ಗೊತ್ತಿಲ್ಲ.

ಪ್ರತಿ ಫೋನಿನಲ್ಲೂ ಇಂಥ ಕಾವಲುಗಾರ ಇದ್ದಾನೆ. ಅವನ ಹೆಸರು ರಿಯಲ್ ಟೈಂ ಕ್ಲಾಕ್. ಪುಟ್ಟದೊಂದು ಗಡಿಯಾರದ ಸರ್ಕೀಟು. ಅದರ ಜೊತೆಗೆ ಸ್ಫಟಿಕದ, ಅಂದರೆ ಕ್ವಾರ್ಟ್ಸ್ ಕಲ್ಲಿನ, ಒಂದು ತುಣುಕು. ವಿದ್ಯುತ್ ಸೋಕಿದರೆ ಈ ಕಲ್ಲು ಕಂಪಿಸುತ್ತದೆ, ಸೆಕೆಂಡಿಗೆ ಸರಿಯಾಗಿ 32,768 ಬಾರಿ. ಇದೇನು ವಿಚಿತ್ರ ಸಂಖ್ಯೆ ಎನ್ನುತ್ತೀರಾ? ಮಕ್ಕಳೇ, ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. 32,768ನ್ನು 2ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 2ರಿಂದ, ಹೀಗೇ ಮಾಡುತ್ತ ಹೋಗಿ. ಹದಿನೈದನೇ ಸಲ ಸರಿಯಾಗಿ 1 ಬರುತ್ತದೆ. ಸರ್ಕೀಟು ಮಾಡುವುದೂ ಅದನ್ನೇ. ಕಂಪನಗಳನ್ನು ಹದಿನೈದು ಸಲ ಅರ್ಧ ಮಾಡಿ, ಸೆಕೆಂಡಿಗೊಂದು ಮಿಡಿತವನ್ನು ಪಡೆಯುತ್ತದೆ. ನಿಮ್ಮ ಮನೆಯ ಗೋಡೆ ಗಡಿಯಾರದಲ್ಲೂ, ಅದು ಸೆಲ್ ಹಾಕುವಂಥದಾದರೆ, ಇಂಥದೇ ಕಲ್ಲು ಇರುತ್ತದೆ. ಈ ಕಾವಲುಗಾರನ ಸಂಬಳ ಬಹಳ ಕಡಿಮೆ, ಬ್ಯಾಟರಿಯ ಕೊಂಚ ಅಂಶ ಸಾಕು. ಹಾಗಾಗಿಯೇ ರಾತ್ರಿಯೆಲ್ಲ ಆಫ್ ಆಗಿದ್ದ ಫೋನನ್ನು ಬೆಳಿಗ್ಗೆ ಆನ್ ಮಾಡಿದರೆ, ಸಿಗ್ನಲ್ ಇಲ್ಲದ ಜಾಗದಲ್ಲೂ ಅದು ಸರಿಯಾದ ಸಮಯ ತೋರಿಸುತ್ತದೆ.

ಹಾಗಾದರೆ ಎಲ್ಲ ಫೋನೂ ಏಕೆ ಕೂಗುವುದಿಲ್ಲ? ಹಳೇ ನೋಕಿಯಾದಲ್ಲಿ ಮ್ಯಾನೇಜರು ಮನೆಗೆ ಹೋಗುವ ಮುಂಚೆ ಕಾವಲುಗಾರನಿಗೆ ಚೀಟಿ ಬರೆದುಕೊಟ್ಟಿರುತ್ತಿದ್ದರು: "ನಾಲ್ಕು ಗಂಟೆಗೆ ಗಂಟೆ ಬಾರಿಸಿ ನನ್ನನ್ನು ಎಬ್ಬಿಸು." ಪುಟ್ಟ ಆಫೀಸು, ಕೆಲವೇ ಸೆಕೆಂಡಿನಲ್ಲಿ ಬಾಗಿಲು ತೆರೆದು ಕೆಲಸ ಶುರು.

ಸ್ಮಾರ್ಟ್ ಫೋನಿನಲ್ಲಿ ಅಲಾರಂ ಎಂಬುದು ಒಂದು ಆ್ಯಪ್. ಫೋನಿನ ದೊಡ್ಡ ಯಂತ್ರಾಂಗ, ಅಂದರೆ ಆಪರೇಟಿಂಗ್ ಸಿಸ್ಟಂ, ಎಚ್ಚರವಿದ್ದರೆ ಮಾತ್ರ ಅದಕ್ಕೆ ಜೀವ. ನಾಲ್ಕು ಗಂಟೆಗೆ ಎಬ್ಬಿಸಬೇಕೆಂಬ ಚೀಟಿ ಮ್ಯಾನೇಜರ ಮೇಜಿನ ಡ್ರಾಯರಿನಲ್ಲಿದೆ. ಡ್ರಾಯರಿಗೆ ಬೀಗವಿದೆ. ಹೊರಗೆ ಕೂತ ಕಾವಲುಗಾರನಿಗೆ ನಾಲ್ಕು ಗಂಟೆಯಾದದ್ದು ಗೊತ್ತು, ಯಾರನ್ನು ಏಕೆ ಎಬ್ಬಿಸಬೇಕೆಂದು ಗೊತ್ತಿಲ್ಲ. ಅಲಾರಂ ಕೀ ಕೊಡದ ಟೈಂಪೀಸಿನಂತೆ, ಸಮಯ ತಿಳಿದೂ ಸುಮ್ಮನಿರುತ್ತಾನೆ.

ಕೆಲವು ಕಂಪನಿಗಳು ತಮ್ಮ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಹಳೆಯ ಚೀಟಿಯ ಪದ್ಧತಿಯನ್ನು ಮತ್ತೆ ಸೇರಿಸಿವೆ. ಹಾಲಿನ ಹುಡುಗನ ಫೋನು ಅಂಥದು. ಅದು ಕೂಡ ಫೋನಿನ ಜೊತೆಗೇ ಬಂದ ಗಡಿಯಾರ ಆ್ಯಪಿಗೆ ಮಾತ್ರ ಎಂದು ತಿಳಿಯುವುದು ಕ್ಷೇಮ. ಹೆಚ್ಚಿನ ಆಂಡ್ರಾಯ್ಡ್‌ಗಳು ಆಫ್ ಆದರೆ ಹೊಡೆಯುವುದಿಲ್ಲ. ಐಫೋನ್ ಹೊಡೆಯುವುದೇ ಇಲ್ಲ. ಇದರಲ್ಲೊಂದು ತಮಾಷೆಯಿದೆ. 2021ರಲ್ಲಿ ಬಂದ ಐಓಎಸ್ 15ರಿಂದೀಚೆಗೆ, ಹೊಸ ಮಾದರಿಯ ಐಫೋನ್ ಕಳೆದುಹೋದರೆ ಆಫ್ ಆಗಿದ್ದರೂ ಎಲ್ಲಿದೆಯೆಂದು ಹುಡುಕಬಹುದು. ತಾನೆಲ್ಲಿದ್ದೇನೆಂದು ಹೇಳುವಷ್ಟು ಎಚ್ಚರ ಅದಕ್ಕಿದೆ, ನಮ್ಮನ್ನು ಎಬ್ಬಿಸುವಷ್ಟು ಇಲ್ಲ!

ಇನ್ನೊಂದು ಸುತ್ತು

ಪುಟ್ಟಿ ಅಲ್ಲಿಗೆ ಬಿಡಲಿಲ್ಲ. ಆಫ್ ಮಾಡುವುದು ಬೇಡ, ಸೈಲೆಂಟ್ ಮಾಡಿದರೆ? ಮಾಡಿದೆವು. ನನ್ನ ಆಂಡ್ರಾಯ್ಡ್, ಐಫೋನ್ ಎರಡೂ ಹೊಡೆದವು. ಸೈಲೆಂಟ್ ಎಂಬುದು ಕರೆ ಮತ್ತು ಸಂದೇಶಗಳಿಗೆ ಮಾತ್ರ. ಏರೋಪ್ಲೇನ್ ಮೋಡ್? ಆಗಲೂ ಹೊಡೆದವು. ಅಲಾರಂಗೆ ಸಿಗ್ನಲ್ ಬೇಕಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ. 'ಡು ನಾಟ್ ಡಿಸ್ಟರ್ಬ್' ಇಟ್ಟಾಗಲೂ ಹೊಡೆದವು. ಆದರೆ ಆಂಡ್ರಾಯ್ಡ್‌ನಲ್ಲಿ ಅಲಾರಂ ಕೂಡ ಸುಮ್ಮನಿರಲಿ ಎಂದು ಸೆಟ್ಟಿಂಗ್ ಬದಲಿಸಲು ಸಾಧ್ಯ. ಹಾಗೆ ಬದಲಿಸಿದಾಗ ನನ್ನ ಫೋನು ಹೊಡೆಯಲಿಲ್ಲ. ಅಲ್ಲದೆ ಆಂಡ್ರಾಯ್ಡ್‌ನಲ್ಲಿ ಅಲಾರಂ ಸದ್ದಿಗೆ ಬೇರೆಯೇ ಪಟ್ಟಿ ಇದೆ. ಅದು ಸೊನ್ನೆಯಲ್ಲಿದ್ದರೆ ಫೋನು ಎಚ್ಚರವಿದ್ದೂ ಪಿಸುಗುಟ್ಟುವುದಿಲ್ಲ.

ಆ ರಾತ್ರಿಯ ಹನ್ನೆರಡು ಪರ್ಸೆಂಟ್ ಸಾಕಾಗುತ್ತಿತ್ತೇ ಎಂಬುದೂ ನನ್ನನ್ನು ಕಾಡುತ್ತಿತ್ತು. ಅದನ್ನೂ ನೋಡಿದೆ. ರಾತ್ರಿ ಹತ್ತಕ್ಕೆ ಏರೋಪ್ಲೇನ್ ಮೋಡಿಗೆ ಹಾಕಿ ಬೆಳಿಗ್ಗೆ ನಾಲ್ಕಕ್ಕೆ ನೋಡಿದರೆ ನನ್ನ ಫೋನಿನಲ್ಲಿ ಕಡಿಮೆಯಾದದ್ದು ನಾಲ್ಕು ಪರ್ಸೆಂಟ್. ಅಂದರೆ ಆಫ್ ಮಾಡದೆ ಇದ್ದಿದ್ದರೆ ಅಲಾರಂ ಹೊಡೆಯುತ್ತಿತ್ತು, ಪುಟ್ಟಿ ರೈಲಿನಲ್ಲಿರುತ್ತಿದ್ದಳು. ನಾನು ಉಳಿಸಲು ಹೋದ ಚಾರ್ಜು ಯಾವ ಕೆಲಸಕ್ಕೂ ಬರಲಿಲ್ಲ.

ಹಿರಿಯರಿಗೆ ಎರಡು ಮಾತು

ನಮ್ಮ ವಯಸ್ಸಿನವರಿಗೆ ಅಲಾರಂ ಬೇಕಾಗುವುದು ರೈಲಿಗಿಂತ ಹೆಚ್ಚಾಗಿ ಮಾತ್ರೆಗೆ. ಬೆಳಿಗ್ಗೆ ಖಾಲಿ ಹೊಟ್ಟೆಯ ಥೈರಾಯ್ಡ್ ಮಾತ್ರೆ, ಕಣ್ಣಿನ ಆಪರೇಷನ್ ಆದ ಮೇಲಿನ ಹನಿ ಔಷಧಿ. ಅಂಥವರು ಫೋನು ಆಫ್ ಮಾಡಿ ಮಲಗುವುದು ಬೇಡ. ಮಾತ್ರೆ ನೆನಪಿಸುವ ಬೇರೆ ಆ್ಯಪ್ ಹಾಕಿಕೊಂಡಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಫೋನು ರಾತ್ರಿ ತಾನೇ ಅಪ್‌ಡೇಟ್ ಆಗಿ ಮತ್ತೆ ಶುರುವಾಗುವುದುಂಟು. ಆಗ ನಾವು ಪಿನ್ ಒತ್ತುವವರೆಗೆ ಒಳಗಿನ ಮಾಹಿತಿ ಬೀಗದಲ್ಲೇ ಇರುತ್ತದೆ. 2016ರ ಆಂಡ್ರಾಯ್ಡ್ 7ರಿಂದ, ಪಿನ್ ಒತ್ತುವ ಮೊದಲೂ ಅಲಾರಂ ಹೊಡೆಯುವುದಕ್ಕೆ ದಾರಿ ಮಾಡಿದ್ದಾರೆ. ಆದರೆ ಆ ದಾರಿಯನ್ನು ಎಲ್ಲ ಆ್ಯಪ್‌ಗಳೂ ಬಳಸಬೇಕೆಂದಿಲ್ಲ. ಮುಖ್ಯವಾದ ಮಾತ್ರೆಗೆ ಫೋನಿನ ಸ್ವಂತ ಗಡಿಯಾರದಲ್ಲೇ ಅಲಾರಂ ಇಡಿ.

ಏರೋಪ್ಲೇನ್ ಮೋಡಿನಲ್ಲಿ ಕರೆ ಬರುವುದಿಲ್ಲ ಎಂಬುದೂ ನೆನಪಿರಲಿ. ರಾತ್ರಿ ಕರೆ ಬರಬೇಕಾದ ಮನೆಯಲ್ಲಿ 'ಡು ನಾಟ್ ಡಿಸ್ಟರ್ಬ್' ಇಟ್ಟು, ಮಕ್ಕಳ ನಂಬರುಗಳಿಗೆ ಮಾತ್ರ ವಿನಾಯಿತಿ ಕೊಡುವುದು ಒಳ್ಳೆಯದು. ಇನ್ನು, ಬೆಳಗಿನ 4ಕ್ಕೆ ಬದಲು ಸಂಜೆ 4ಕ್ಕೆ ಅಲಾರಂ ಇಟ್ಟು ಬಸ್ಸು ತಪ್ಪಿಸಿಕೊಂಡವರು ನನ್ನ ಸ್ನೇಹಿತರಲ್ಲೇ ಇಬ್ಬರಿದ್ದಾರೆ. ರೈಲ್ವೆಯವರಂತೆ 24 ಗಂಟೆಯ ಲೆಕ್ಕ ಇಟ್ಟುಕೊಂಡರೆ 4:00 ಬೇರೆ, 16:00 ಬೇರೆ, ಗೊಂದಲವೇ ಇಲ್ಲ.

ನಾಲ್ಕು ಗಂಟೆಯ ಗೋಕುಲಂ

ನಮ್ಮ ಬಡಾವಣೆ ಬೆಳಗಿನ ಜಾವ ಏಳುವುದಕ್ಕೆ ಹೆಸರಾದದ್ದು. ಪಟ್ಟಾಭಿ ಜೋಯಿಸರು ತಮ್ಮ ಅಷ್ಟಾಂಗ ಯೋಗ ಸಂಸ್ಥೆಯನ್ನು 2002ರಲ್ಲಿ ಲಕ್ಷ್ಮೀಪುರಂನಿಂದ ಇಲ್ಲಿಗೆ ತಂದ ಮೇಲೆ ದೇಶವಿದೇಶಗಳಿಂದ ಯೋಗ ಕಲಿಯುವವರು ಬರತೊಡಗಿದರು. ಇನ್ನೂ ಕತ್ತಲಿರುವಾಗಲೇ ಚಾಪೆ ಸುತ್ತಿಕೊಂಡು, ಬಾಡಿಗೆ ಸ್ಕೂಟರಿನಲ್ಲಿ ಹೊರಡುವ ಅವರನ್ನು ನಾವೆಲ್ಲ ನೋಡಿದ್ದೇವೆ. ಅಷ್ಟು ದೂರದಿಂದ ಬಂದವರು ಹೊತ್ತಿಗೆ ಸರಿಯಾಗಿ ಏಳುತ್ತಿದ್ದ ಊರಿನಲ್ಲಿ, ಸ್ವಂತ ಮೊಮ್ಮಗಳನ್ನು ಎಬ್ಬಿಸಲಾಗದೆ ಮಲಗಿದ್ದವನು ನಾನು.

ಬೆಂಗಳೂರಿಗೆ ಹೋದ ತಂಡಕ್ಕೆ ಮೂರನೇ ಬಹುಮಾನ ಬಂತು. ಆ ಚಿತ್ರವನ್ನು ಶಾಲೆಯ ಫಲಕಕ್ಕೆ ಹಾಕಿದ್ದಾರೆ. ಪುಟ್ಟಿಯನ್ನು ಕರೆತರಲು ಹೋದಾಗ ಕಣ್ಣಿಗೆ ಬೀಳುತ್ತದೆ. ನಾಲ್ವರಲ್ಲಿ ಅವಳಿಲ್ಲ. ಅದನ್ನು ಯಾವ ಪರೀಕ್ಷೆಯೂ ಸರಿಪಡಿಸಲಾರದು. ಒಂದು ಸಲ ಅಲ್ಲೇ ನಿಂತು, "ತಪ್ಪು ನನ್ನದು ಪುಟ್ಟಿ. ನೋಡದೆ ಹೇಳಿಬಿಟ್ಟೆ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡು, "ಆದ್ರೆ ನೋಕಿಯಾ ಹೊಡೀತಲ್ಲ ತಾತ. ನೀವು ಸುಳ್ಳೇನೂ ಹೇಳಿರಲಿಲ್ಲ" ಎಂದಳು.

ಹಿರಿಯರಾದ ನಾವು ಕಲಿತದ್ದು ಬಹಳವಿದೆ. ಅದರಲ್ಲಿ ಕೆಲವು ಒಂದು ಕಾಲದ ಯಂತ್ರಕ್ಕೆ ಮಾತ್ರ ನಿಜ. ಮಕ್ಕಳು ನಮ್ಮ ಮಾತನ್ನು ಅಳೆದು ನೋಡದೆ ನಂಬುತ್ತಾರೆ. ಹಾಗಾಗಿ ಅಳೆಯುವ ಕೆಲಸ ನಮ್ಮದು. ಈಗ ಪುಟ್ಟಿ ಏನಾದರೂ ಕೇಳಿದರೆ, "ಇರು, ನೋಡಿ ಹೇಳ್ತೀನಿ" ಎನ್ನುತ್ತೇನೆ. ಒಮ್ಮೊಮ್ಮೆ ಇಬ್ಬರೂ ಸೇರಿ ನೋಡುತ್ತೇವೆ.

ಈ ಡಿಸೆಂಬರಿನಲ್ಲಿ ಅವಳಿಗೆ ಮತ್ತೊಂದು ಸ್ಪರ್ಧೆಯಿತ್ತು. ಹಿಂದಿನ ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ, ಆನ್ ಇದೆಯೇ ಎಂದು ಎರಡು ಸಲ ನೋಡಿದಳು. ನಾನು ಟೈಂಪೀಸನ್ನು ಇಳಿಸಿ, ದೂಳು ಒರೆಸಿ, ಎರಡೂ ಕೀ ಕೊಟ್ಟು, ಕಿವಿಗಿಟ್ಟು ಕೇಳಿದೆ. ಬೆಳಿಗ್ಗೆ ಮೊದಲು ಟೈಂಪೀಸು, ಅದರ ಹಿಂದೆಯೇ ಫೋನು ಹೊಡೆಯಿತು. ಎದ್ದು ದೀಪ ಹಾಕಿದರೆ, ಹಜಾರದಲ್ಲಿ ನನ್ನಾಕೆ ಪುಟ್ಟಿಗೆ ಜಡೆ ಹಾಕುತ್ತಿದ್ದಳು. ಇಬ್ಬರೂ ಆಗಲೇ ಎದ್ದಾಗಿತ್ತು.

ಮಕ್ಕಳೇ, ನೀವೂ ಮಾಡಿ ನೋಡಿ

ಮನೆಯವರ ಒಪ್ಪಿಗೆ ಪಡೆದು, ರಜಾ ದಿನ ಹಗಲು ಹೊತ್ತಿನಲ್ಲಿ ಮಾಡಿ.

1. ಫೋನಿನ ಸ್ವಂತ ಗಡಿಯಾರದಲ್ಲಿ ಹತ್ತು ನಿಮಿಷ ಮುಂದಕ್ಕೆ ಅಲಾರಂ ಇಡಿ. ಫೋನು ಪೂರ್ತಿ ಆಫ್ ಮಾಡಿ. ಗೋಡೆ ಗಡಿಯಾರ ನೋಡುತ್ತ ಕಾಯಿರಿ.

2. ಆನ್ ಮಾಡಿ, ಸೈಲೆಂಟ್, ಏರೋಪ್ಲೇನ್ ಮೋಡ್, ಡು ನಾಟ್ ಡಿಸ್ಟರ್ಬ್ ಒಂದೊಂದರಲ್ಲೂ ಇದನ್ನೇ ಮತ್ತೆ ಮಾಡಿ.

3. ಫಲಿತಾಂಶವನ್ನು ಖಾನೆ ಹಾಕಿ ಬರೆಯಿರಿ. ಪ್ರತಿ ಫೋನಿಗೂ ಬೇರೆ ಸಾಲು ಇರಲಿ, ಒಂದರ ಉತ್ತರ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ.

4. ಆ ಹಾಳೆಯನ್ನು ಅಜ್ಜ ಅಜ್ಜಿಯರ ಮಂಚದ ಪಕ್ಕ ಅಂಟಿಸಿ. ಫೋನು ಬದಲಾದ ದಿನ ಪರೀಕ್ಷೆಯನ್ನು ಮೊದಲಿಂದ ಮಾಡಿ.